ಹೆಣ್ಣು ನೋಡಲು ಬಂದವರು ಓದಿದ ಬೋರ್ಡು

ಪಕ್ಕದ ಮನೆಯ ಗೇಟಿಗೆ ಇವತ್ತು ಬಣ್ಣ ಹಚ್ಚುತ್ತಿದ್ದಾರೆ. ವಾಸನೆ ತಾಳದೆ ಹೆಂಡತಿ ಕಿಟಕಿ ಮುಚ್ಚಿದಳು. ನಾನು ಮತ್ತೆ ತೆರೆದೆ. ಹಸಿ ಪೇಂಟಿನ ವಾಸನೆ ಬಂದರೆ ನನಗೆ ಎಂಬತ್ತರ ದಶಕದ ಶ್ರೀನಿವಾಸಪುರ ನೆನಪಾಗುತ್ತದೆ. ಆ ಊರಿಗೆ ಮಾವಿನಹಣ್ಣಿನ ವಾಸನೆಯಲ್ಲವೇ ಹೊಂದುವುದು ಎಂದು ನೀವು ಕೇಳಬಹುದು. ನಿಜ, ಆದರೆ ನೆನಪು ನಮ್ಮ ಮಾತು ಕೇಳುವುದಿಲ್ಲ.

ಆಗ ನಾನು ಕೋಲಾರದಲ್ಲಿ ಪತ್ರಿಕೆಯೊಂದರ ವರದಿಗಾರ. 'ಕಡುಬಡವರ ಪ್ರದೇಶ' ಎಂಬ ಮಾತನ್ನು ಆಗಾಗ ಬರೆಯುತ್ತಿದ್ದೆ. ಅದರ ಅರ್ಥ ನನಗೆ ಗೊತ್ತು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಮಾವಿನ ಮಂಡಿಯ ಹಿಂದೆ ಬುಟ್ಟಿ ಹೆಣೆಯುವವರ ಕೇರಿಯೊಂದಿತ್ತು. ಸರ್ಕಾರ ಅದನ್ನು ಕೊಳೆಗೇರಿ ಎಂದು ಘೋಷಿಸಿತ್ತು. ಹಾಗೆ ಘೋಷಿಸಿದರೆ ನಲ್ಲಿ, ಬೀದಿದೀಪ ಬರುತ್ತವೆ. ನಾನು ಹೋದಾಗ ಕೇರಿಯ ಮೊದಲಿಗೇ ಬೋರ್ಡು ನೆಟ್ಟಿದ್ದರು. 'ಕೊಳೆಗೇರಿ' ಎಂಬ ದಪ್ಪ ಅಕ್ಷರಗಳು ಇನ್ನೂ ಒಣಗಿರಲಿಲ್ಲ.

ಬೋರ್ಡಿನ ಪಕ್ಕದ ಮನೆ ವೆಂಕಟಮ್ಮನದು. ಮಗಳು ರತ್ನಳನ್ನು ನೋಡಲು ಭಾನುವಾರ ಮುಳಬಾಗಿಲಿನಿಂದ ಗಂಡಿನವರು ಬರುವವರಿದ್ದರು. ಹಿಂದೆ ಮಾಲೂರಿನ ಸಂಬಂಧವೊಂದು ಕೇರಿಯನ್ನು ನೋಡಿಯೇ ಮುರಿದುಬಿದ್ದಿತ್ತು. ಈಗ ಬೋರ್ಡು ಬೇರೆ.

ವೆಂಕಟಮ್ಮನ ಮೈದುನ ಚಿನ್ನಪ್ಪ ಉಪಾಯ ಹೇಳಿದ: "ಅತ್ಗೆ, ಅದರ ಮೇಲೊಂದು ಚಾಪೆ ಹಾಕ್ಬಿಡಾಣ. ಅವರು ಹೋದ್ಮೇಲೆ ತೆಗೆದ್ರಾಯ್ತು."

"ಬೋರ್ಡ್ ಮುಚ್ತೀಯ, ಸರಿ. ಮೋರಿ ಏನ್ ಮಾಡ್ತೀಯೋ? ಮುಳಬಾಗ್ಲೋರಿಗೆ ಮೂಗಿಲ್ವಾ?" ಎಂದಳು ವೆಂಕಟಮ್ಮ. ಆಮೇಲೆ ನನ್ನತ್ತ ತಿರುಗಿ, "ಸ್ವಾಮಿ, ಪೇಪರ್ನಾಗೆ ಭಾನುವಾರ ಕಳೆದ್ಮೇಲೆ ಹಾಕ್ಕೊಳ್ಳಿ" ಎಂದಳು.

ಒಪ್ಪಿದೆ. ಭಾನುವಾರ ನಾನೂ ಹೋದೆ. ವರದಿಯ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಚಿತ್ರಾನ್ನ ಮಾಡುತ್ತಾರೆಂಬ ಸುದ್ದಿಯೂ ಸಿಕ್ಕಿತ್ತು.

ಗಂಡಿನ ತಾಯಿ ಬಸ್ಸಿಳಿದು ಬಂದವರು ಬೋರ್ಡಿನ ಮುಂದೆ ನಿಂತರು. ಮಗನಿಂದ ಅದನ್ನು ಓದಿಸಿದರು. ಚಿನ್ನಪ್ಪ ನೆಲ ನೋಡುತ್ತಿದ್ದ. ಬಾಗಿಲ ಹಿಂದೆ ರತ್ನಳ ಬಳೆಯ ಸದ್ದೂ ನಿಂತಿತು.

"ಇದನ್ನ ಹೆಂಗಮ್ಮ ಹಾಕಿಸ್ಕೊಂಡ್ರಿ?" ಎಂದರು ಆಕೆ. "ನಾವು ಅರ್ಜಿ ಕೊಟ್ಟು ಕೊಟ್ಟು ಸಾಕಾಯ್ತು. ನಮ್ಮ ಕೇರಿ ಅಷ್ಟೊಂದು ಬಡವರದ್ದಲ್ವಂತೆ. ನೀರಿಗೆ ಇವತ್ತೂ ಕೆರೆಗೇ ಹೋಗ್ಬೇಕು."

ವೆಂಕಟಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ಮಾತು ಜೋರಾಗಿಯೇ ಹೊರಟಿತು. "ಹೆಂಗಸರೆಲ್ಲ ಖಾಲಿ ಕೊಡ ಹಿಡ್ಕೊಂಡು ಆಫೀಸ್ ಬಾಗಿಲಿಗೇ ಹೋಗಿ ಕೂತ್ವಿ, ಬೀಗ್ರೇ. ಒಳಗಿರೋರು ಹೊರಗೆ ಬರೋಕೆ ದಾರಿ ಇರಲಿಲ್ಲ. ಮೊದ್ಲು ಹುಡುಗೀನ ನೋಡಿ, ಮಿಕ್ಕಿದ್ದು ಆಮೇಲೆ ಹೇಳಿಕೊಡ್ತೀನಿ."

ಸಂಬಂಧ ಇನ್ನೂ ಕುದುರಿರಲಿಲ್ಲ. ಆದರೂ 'ಬೀಗ್ರೇ' ಎಂದದ್ದಕ್ಕೆ ಯಾರೂ ಆಕ್ಷೇಪಿಸಲಿಲ್ಲ. ಮಾವಿನ ಸುಗ್ಗಿ ಮುಗಿದ ಮೇಲೆ ಮದುವೆಯಾಯಿತು.

ಕಡುಬಡವರ ಪ್ರದೇಶ ಎಂದು ನಾನು ಬರೆಯುತ್ತಿದ್ದದ್ದು ಓದುಗರ ಮರುಕಕ್ಕೆ. ಆ ಇಬ್ಬರು ತಾಯಂದಿರಿಗೆ ಮರುಕ ಬೇಕಿರಲಿಲ್ಲ, ನೀರು ಬೇಕಿತ್ತು. ಈಗಲೂ ಪತ್ರಿಕೆಯಲ್ಲಿ ಆ ಮಾತು ಕಂಡರೆ ನಾನು ಅಯ್ಯೋ ಎನ್ನುವುದಿಲ್ಲ. ಅಲ್ಲಿ ಕೊಡ ಹಿಡಿದು ಹೋಗಿ ಕೂತವರು ಯಾರು ಎಂದು ಕೆಳಗಿನ ಸಾಲುಗಳಲ್ಲಿ ಹುಡುಕುತ್ತೇನೆ. ಅವರು ಸಿಗದಿದ್ದರೆ, ವರದಿಗಾರ ಆ ಕೇರಿಗೆ ಇನ್ನೂ ಹೋಗಿಲ್ಲ ಎಂದೇ ಲೆಕ್ಕ.