ಅರ್ಧ ಮುದ್ದೆಯ ಪಥ್ಯ

ಎಂಬತ್ತರ ದಶಕದಲ್ಲಿ ಗುಬ್ಬಿ ಕಡೆಯ ತೋಟಗಳಿಗೆ ಹೋಗಿ ತೆಂಗಿನ ರೋಗ ನೋಡುವುದು ನನ್ನ ಕೆಲಸ. ಬಿ.ಪಿ. ಬಂತು, ತೂಕ ಇಳಿಸಲೇಬೇಕು ಅಂದರು ತುಮಕೂರಿನ ಡಾಕ್ಟರು. ಮೊದಲ ತಿಂಗಳು ಮೂರು ಕೆಜಿ ಇಳಿಯಿತು. ಆಮೇಲೆ ಎರಡು ತಿಂಗಳು ತೂಕದ ಮುಳ್ಳು ಅಲುಗಲೇ ಇಲ್ಲ. ತಿಂದದ್ದನ್ನೆಲ್ಲ ಬರೆದು ತನ್ನಿ ಅಂದಿದ್ದರು. ಬರೆದುಕೊಂಡು, ಹೆಂಡತಿಯನ್ನೂ ಕರೆದುಕೊಂಡು ಹೋದೆ.

"ಇವಳು ಒಗ್ಗರಣೆಗೆ ಎಣ್ಣೆ ಜಾಸ್ತಿ ಹಾಕ್ತಾಳೆ ಸಾರ್," ಅಂತ ದೂರಿದೆ.

ಡಾಕ್ಟರು ನನ್ನ ಪುಸ್ತಕದ ಕ್ಯಾಲೊರಿ ಕೂಡಿಸಿದರು. "ಇಷ್ಟೇ ತಿಂದಿದ್ರೆ ಇಳೀಲೇಬೇಕಿತ್ತಲ್ರೀ," ಅಂದವರು ಅವಳ ಕಡೆ ನೋಡಿ, "ನೀವೊಂದ್ಸಲ ತೂಕದ ಮಿಷನ್ ಹತ್ತಿ ಅಮ್ಮಾ," ಅಂದರು. ಮೂವತ್ತೊಂಬತ್ತು ಕೆಜಿ!

"ಊಟ ಮಾಡ್ತೀರೇನಮ್ಮಾ?"

"ಮಾಡ್ತೀನಿ ಸಾರ್, ಅವ್ರು ಮಾಡಿದಷ್ಟೇ. ಅವ್ರು ಅರ್ಧ ಮುದ್ದೆ ಉಣ್ಣೋವಾಗ ನಾನು ಇಡೀ ಮುದ್ದೆ ಹೆಂಗ್ ಉಣ್ಣೋದು?"

ಎದುರಿಗೇ ಕೂತು ಉಣ್ಣುವವಳು ಇಷ್ಟು ಸೊರಗಿದ್ದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

"ಮನೆಯಿಂದಾಚೆ ಏನೇನ್ ತಿಂತೀರಿ? ಅದನ್ನ ಬರ್ದೇ ಇಲ್ಲ," ಅಂತ ಡಾಕ್ಟರು ನನ್ನತ್ತ ತಿರುಗಿದರು. ತೋಟದವರು ಕೊಡುವ ಸಕ್ಕರೆ ಕಾಫಿ, ಎಳನೀರು, ಕೊಬ್ಬರಿ ಬೆಲ್ಲ ಎಲ್ಲ ಹೇಳಿದೆ. ಬೇಡ ಅಂದರೆ ಬೇಜಾರು ಮಾಡ್ಕೋತಾರೆ ಅಂತಲೂ ಸೇರಿಸಿದೆ. ಕೂಡಿಸಿದರೆ ಅದು ಮನೆ ಊಟದಷ್ಟೇ ಆಯಿತು. ಹೆಂಡತಿ ನನ್ನ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಗುಬ್ಬಿಯಲ್ಲಿ ಬಸ್ಸಿಳಿದ ಮೇಲೆ, ಅವಳಾದರೂ ಹೊಟ್ಟೆ ತುಂಬ ತಿನ್ನಲಿ ಅಂತ ಹೋಟೆಲಿಗೆ ಕರೆದುಕೊಂಡು ಹೋದೆ. ಸಪ್ಲೈಯರ್ ನಗುತ್ತಾ ಬಂದು, "ನಿಮ್ಗೆ ದಿನಾ ಕೊಡೋ ಹಂಗೇ ಎರಡು ಮಸಾಲೆ ದೋಸೆ ಸಾರ್. ಅಮ್ಮಾವ್ರಿಗೇನು?" ಅಂದ.

ಆ ದೋಸೆಗಳ ಸುದ್ದಿ ನಾನು ಡಾಕ್ಟರಿಗೂ ಹೇಳಿರಲಿಲ್ಲ.