ಅರಸೀಕೆರೆ ಬಸ್ಸಿನಲ್ಲಿ ಒಂದು ಟರ್ಬೊ

ಹಗರೆ ದಾಟಿ ಬೇಲೂರಿನ ಕಡೆ ಬರುವಾಗ ಕಾರಿನ ಹಿಂದೆ ನೀಲಿ ಹೊಗೆ ಎದ್ದಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಕಾರು ತೆವಳುತ್ತಿತ್ತು. ಶುಕ್ರವಾರದ ಮಧ್ಯಾಹ್ನ. ಪಕ್ಕದ ಸೀಟಿನಲ್ಲಿ ಅವ್ವ ಪ್ಲಾಸ್ಟಿಕ್ ಕವರನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಕೂತಿದ್ದಳು. ನನಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಆಗುತ್ತಿರಲಿಲ್ಲ. ಹಸಿವಾಗುತ್ತಿರಲಿಲ್ಲ, ಅಳು ಬರುತ್ತಿರಲಿಲ್ಲ, ಪಾಠ ಮಾಡಿ ಮುಗಿಸಿದ ಮೇಲೆ ಏನು ಹೇಳಿಕೊಟ್ಟೆ ಎಂಬುದೂ ನೆನಪಿರುತ್ತಿರಲಿಲ್ಲ.

"ಹೋದ್ವಾರನೇ ಹೇಳ್ಲಿಲ್ವಾ ನಾನು, ಪೀಪಿ ಊದ್ದಂಗೆ ಸದ್ದು ಬತ್ತೈತೆ ಅಂತ" ಎಂದಳು ಅವ್ವ.

ಹೇಳಿದ್ದಳು. ನಾನು ಗಾಳಿ ಸದ್ದು ಎಂದು ತಳ್ಳಿಹಾಕಿದ್ದೆ.

ಅವ್ವನಿಗೆ ಗರ್ಭಕೋಶದ ಕ್ಯಾನ್ಸರ್. ಹಾಸನದಲ್ಲಿ ವಾರಕ್ಕೆ ಐದು ದಿನ ರೇಡಿಯೇಷನ್ ಕೊಡುತ್ತಿದ್ದರು; ಶಾಲೆಗೆ ಅರ್ಧ ದಿನ ರಜೆ ಹಾಕಿ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಅವ್ವ ಅದನ್ನು ಕರೆಂಟು ಎನ್ನುತ್ತಿದ್ದಳು. ಐದು ವಾರದಲ್ಲಿ ಎರಡು ಮುಗಿದಿತ್ತು. ಶನಿವಾರ, ಭಾನುವಾರ ಬಿಟ್ಟರೆ ಒಂದು ದಿನವೂ ತಪ್ಪಿಸಬಾರದು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಮೊದಲ ವಾರ ಕಾರು ಸರ್ವಿಸಿಗೆ ಹೋಗಿದ್ದಾಗ ಒಂದು ದಿನ ಬಾಡಿಗೆ ಕಾರು ಮಾಡಿಕೊಂಡು ಹೋಗಿದ್ದೆವು. ವಾಪಸು ಬರುವಾಗ ಅವ್ವನಿಗೆ ವಾಂತಿಯಾಯಿತು. ಡ್ರೈವರ್ ಬಯ್ಯಲಿಲ್ಲ. ಕಾರು ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು, ಸುಮ್ಮನೆ ನಿಂತ. ಅವ್ವ ತನ್ನ ಸೆರಗಿನಿಂದಲೇ ಸೀಟು ಒರೆಸಿದಳು. ಅವತ್ತೇ ಹೇಳಿದಳು: "ಇನ್ನೊಬ್ರ ಗಾಡೀಗೆ ನಾನು ಹತ್ತಲ್ಲ ಕಣವ್ವ. ಸಾಯೋದೇ ಆದ್ರೂ ಸರಿ." ಅವ್ವ ಒಂದು ಮಾತು ಹೇಳಿದರೆ ಮುಗಿಯಿತು. ಆದ್ದರಿಂದ ಸೋಮವಾರದೊಳಗೆ ನಮ್ಮ ಕಾರೇ ರಸ್ತೆಗಿಳಿಯಬೇಕಿತ್ತು.

ಬೇಲೂರಿನಲ್ಲಿ ನಮ್ಮ ಕಾರು ನೋಡುವ ಮೆಕ್ಯಾನಿಕ್ ಬಾನೆಟ್ ಎತ್ತಿ, ಒಂದು ರಬ್ಬರ್ ಪೈಪು ಬಿಚ್ಚಿ ಒಳಗೆ ಬೆರಳು ಹಾಕಿದ. ಬೆರಳ ತುಂಬ ಎಣ್ಣೆ.

"ಟರ್ಬೊ ಹೋಗೈತೆ ಮೇಡಂ. ಎಂಜಿನ್ನಿಗೆ ಗಾಳಿ ತುಂಬೋ ಫ್ಯಾನು. ಕಂಪನೀದು ಹೊಸದು ತರಿಸಿದ್ರೆ ಹತ್ತು ದಿನ."

"ಹತ್ತು ದಿನ ಆಗಲ್ಲ."

"ಹಂಗಾದ್ರೆ ಇದನ್ನೇ ಬಿಚ್ಚಿಸಿ ಕಟ್ಟಿಸ್ಬೇಕು. ನನ್ ಕೈಲಾಗಲ್ಲ ಅದು. ಹಳೇಬೀಡಲ್ಲಿ ಒಬ್ಬ ಅವ್ನೆ, ಬೇಗ ಮಾಡ್ಕೊಡ್ತಾನೆ. ಅರಸೀಕೆರೇಲಿ ಒಬ್ರು ಅವ್ರೆ, ಲಾರಿಗಳದ್ದೆಲ್ಲ ಮಾಡ್ತಾರೆ. ಅವ್ರು ನಿಧಾನ. ನೀವೇ ನೋಡಿ."

ಸಂಜೆಯೊಳಗೆ ಟರ್ಬೊ ಬಿಚ್ಚಿ ಕೈಗೆ ಕೊಟ್ಟ. ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ಗಾತ್ರ, ಅದರ ಮೂರು ಪಟ್ಟು ತೂಕ. ನಾನು ಮನೆಗೆ ಬಂದು ಒಂದು ಹಾಳೆಯ ಮೇಲೆ, ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆಗಳನ್ನು ಬರೆದೆ. ಯಾವುದಕ್ಕೂ ಮೊದಲು ಪ್ರಶ್ನೆ ಬರೆದುಕೊಳ್ಳುವುದು ನನ್ನ ಅಭ್ಯಾಸ. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ನಾನೇ ಮೊದಲು, ಬಿ.ಎಸ್ಸಿ. ಮಾಡಿದವಳೂ ನಾನೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ.

ಶನಿವಾರ ಶಾಲೆಗೆ ರಜೆ ಹಾಕಿ, ಟರ್ಬೊವನ್ನು ಸಂತೆ ಚೀಲದಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿದೆ. ಚೀಲದ ತಳ ಆಗಲೇ ಎಣ್ಣೆಯಾಗಿತ್ತು. ಕಂಡಕ್ಟರ್ ಬಗ್ಗಿ ನೋಡಿದ.

"ಏನ್ ಮೇಡಂ ಚೀಲದಲ್ಲಿ, ನಾಟಿ ಕೋಳಿನಾ?"

"ಟರ್ಬೊ."

"ಹೆಂಗಸ್ರಿಗೆ ಫ್ರೀ ಮೇಡಂ, ಟರ್ಬೊಗೆ ಫ್ರೀ ಇಲ್ಲ" ಎಂದ. ಸುತ್ತ ಕೂತವರು ನಕ್ಕರು. ನಾನೂ ನಗುವವಳೇ. ಅವತ್ತು ತುಟಿ ಅಲುಗಲಿಲ್ಲ. ಅವನಿಗೆ ಪಾಪ ಅನ್ನಿಸಿರಬೇಕು, ಚೀಲಕ್ಕೆ ಟಿಕೆಟ್ ಕೇಳದೆ ಮುಂದೆ ಹೋದ.

ಹಳೇಬೀಡಿನ ಅಂಗಡಿ ರಸ್ತೆಗೇ ಇತ್ತು, ಹೊಸ ಬೋರ್ಡು. ಮಾಲೀಕ ಮೂವತ್ತರ ಆಸುಪಾಸಿನವನು, ಚುರುಕು. ಟರ್ಬೊ ಕೈಗೆ ತೆಗೆದುಕೊಂಡು ಒಂದು ಸುತ್ತು ತಿರುಗಿಸಿ ಟೇಬಲ್ ಮೇಲಿಟ್ಟ.

"ನಾಳೆ ನಾಲ್ಕು ಗಂಟೆಗೆ ಬಂದು ತಗೊಂಡೋಗಿ ಮೇಡಂ. ರಿಪೇರಿ ಕಿಟ್ ಇಲ್ಲೇ ಐತೆ."

"ಬಿಚ್ಚಿ ನೋಡಲ್ವಾ?"

"ಬಿಚ್ಚೋದೇನು, ಮುಖ ನೋಡಿದ್ರೇ ಗೊತ್ತಾಗುತ್ತೆ."

ನಾನು ಹಾಳೆ ತೆಗೆದೆ. "ಒಳಗಿನ ಫ್ಯಾನಿನ ಬ್ಯಾಲೆನ್ಸಿಂಗ್ ಹೇಗೆ ಮಾಡ್ತೀರ?"

ಅವನು ನಕ್ಕ. "ಟೀಚರಾ ನೀವು? ಅಂಗೇ ಅನ್ಕೊಂಡೆ, ನನ್ಗೇ ಪರೀಕ್ಷೆ ಇಟ್ಟಿದೀರಲ್ಲ. ಬೆರಳಲ್ಲಿ ತಿರುಗಿಸಿದ್ರೆ ಗೊತ್ತಾಗೋಗುತ್ತೆ ಮೇಡಂ, ಅದಕ್ಕೆಂಥ ಮಷೀನು."

"ಯಾಕೆ ಹೋಯ್ತು ಇದು?"

"ವಯಸ್ಸಾಯ್ತಲ್ಲ ಮೇಡಂ ಗಾಡಿಗೆ."

ಭಾನುವಾರ ನಾಲ್ಕು ಗಂಟೆ ಎಂದರೆ ಸೋಮವಾರ ತಪ್ಪುವುದಿಲ್ಲ. ನನಗೆ ಬೇಕಾಗಿದ್ದೂ ಅದೇ. ಟರ್ಬೊ ಅಲ್ಲೇ ಬಿಟ್ಟು ಹೋಗಲು ಎದ್ದಿದ್ದೆ. ಆರು ತಿಂಗಳ ಹಿಂದೆ ಅವ್ವನಿಗೆ ರಕ್ತಸ್ರಾವ ಶುರುವಾದಾಗ ತೋರಿಸಿದ್ದ ಮೊದಲನೇ ಡಾಕ್ಟರೂ ಇದೇ ಮಾತು ಹೇಳಿದ್ದರು. "ವಯಸ್ಸಾಯ್ತಲ್ಲ ಅಮ್ಮಂಗೆ." ಮುಟ್ಟಿ ನೋಡಿರಲಿಲ್ಲ, ಮಾತ್ರೆ ಬರೆದುಕೊಟ್ಟಿದ್ದರು. ಮೂರು ತಿಂಗಳು ಆ ಮಾತ್ರೆ ನುಂಗಿಸಿದೆ. ಓದಿದವಳು ನಾನು, ಅವತ್ತು ಒಂದು ಪ್ರಶ್ನೆಯನ್ನೂ ಬರೆದುಕೊಂಡು ಹೋಗಿರಲಿಲ್ಲ.

ಸಿಟ್ಟೇನೂ ಬರಲಿಲ್ಲ. ಟೇಬಲ್ ಮೇಲಿಂದ ಟರ್ಬೊ ಎತ್ತಿ ಮತ್ತೆ ಚೀಲಕ್ಕೆ ಹಾಕಿಕೊಂಡೆ.

"ಯಾಕ್ ಮೇಡಂ? ಫೇಲಾದ್ನಾ ನಾನು?" ಎಂದ ಅವನು ಹಿಂದಿನಿಂದ.

ಅರಸೀಕೆರೆ ಬಸ್ಸು ಜಾವಗಲ್ ಮೇಲೆಯೇ ಹೋಗುತ್ತದೆ. ಊರು ದಾಟಿದ ಮೇಲೆ ಎಡಕ್ಕೆ ಒಂದು ತೆಂಗಿನ ತೋಟ. ನನ್ನಪ್ಪ ತೀರಿಕೊಂಡ ಮೇಲೆ ಅವ್ವ ಆ ತೋಟದ ಡೀಸೆಲ್ ಪಂಪು ಕಾಯುತ್ತಿದ್ದಳು. ತೋಟದವರು ಸಂಜೆ ಬಂದು ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ಎಣ್ಣೆ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದರು. ಕಡ್ಡಿ ಒಣಗಿ ಬಂದರೆ ಮಾರನೇ ದಿನ ಕೆಲಸವಿಲ್ಲ. ಹಾಗಾಗಿ ಕೊನೆಯ ಪಾತಿಗೆ ನೀರು ತುಂಬಿದ ಕ್ಷಣ ಅವ್ವ ಓಡಿ ಎಂಜಿನ್ ನಿಲ್ಲಿಸುತ್ತಿದ್ದಳು. ಆ ಎಂಜಿನ್ನಿನ ಸದ್ದಿನ ಪಕ್ಕದಲ್ಲೇ ಕೂತು ನಾನು ಮಗ್ಗಿ ಕಲಿತೆ. ಬಸ್ಸಿನ ಕಿಟಕಿಯಲ್ಲಿ ತೋಟ ಬಂತು, ಹೋಯಿತು. ಮಡಿಲ ಮೇಲೆ ಟರ್ಬೊ ಭಾರವಾಗಿತ್ತು. ಅದನ್ನು ಬಿಟ್ಟು ಬೇರೇನೂ ಅನ್ನಿಸಲಿಲ್ಲ.

ಅರಸೀಕೆರೆಯ ಅಂಗಡಿ ರೈಲ್ವೆ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿತ್ತು. ಮೇಸ್ತ್ರಿಗೆ ಅರವತ್ತು ದಾಟಿರಬೇಕು, ಕನ್ನಡಕಕ್ಕೆ ದಾರ ಕಟ್ಟಿದ್ದರು. ನನ್ನ ಹಾಳೆಯನ್ನು ಇಸಿದುಕೊಂಡು, ಓದಿ, ವಾಪಸು ಕೊಟ್ಟರು.

"ಮೊದಲು ಬಿಚ್ಚೋಣ. ಆಮೇಲೆ ಕೇಳೋರಂತೆ ತಾಯಿ."

ಒಂದೊಂದು ಭಾಗವನ್ನೂ ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟರು. ಫ್ಯಾನು ಕೂರುವ ನಡುವಿನ ಶಾಫ್ಟಿನ ಮೇಲೆ ಬೆರಳು ಉಜ್ಜಿದರು. ಬಾಣಲೆ ತಳದ ಕರಕಿನಂಥ ಪುಡಿ ಉದುರಿತು.

"ಗಾಡಿ ಯಾರು ಓಡ್ಸದು?"

"ನಾನೇ."

"ದೂರ ಓಡ್ಸಿ ನಿಂತ ತಕ್ಷಣ ಆಫ್ ಮಾಡ್ಬಿಡ್ತೀರಾ?"

ನಾನು ಹೌದೆಂದು ತಲೆಯಾಡಿಸಿದೆ.

"ಒಳಗೆ ಬೆಂಕಿಯಂಗೆ ಕಾದಿರ್ತದೆ ಇದು. ನೀವು ಆಫ್ ಮಾಡ್ತಿದ್ದಂಗೆ ಎಂಜಿನ್ ಎಣ್ಣೆ ಬರೋದು ನಿಂತೋಯ್ತು. ಉಳಿದ ಎಣ್ಣೆ ಅಲ್ಲೇ ಸುಟ್ಟು ಕರಕಾಗ್ತದೆ. ಒಂದು ನಿಮಿಷ ಸುಮ್ನೆ ಓಡೋಕೆ ಬಿಡ್ಬೇಕು ತಾಯಿ, ಆಮೇಲೆ ಆಫು. ಯಾಕೆ ಹೋಯ್ತು ಅಂತ ತಿಳ್ಕೊಳ್ದೆ ಕಟ್ಟಿಕೊಟ್ರೆ ಎರಡು ತಿಂಗಳಿಗೆ ಮತ್ತೆ ಚೀಲ ಹೊತ್ಕೊಂಡ್ ಬತ್ತೀರ."

ಶಾಫ್ಟು ಸವೆದಿತ್ತು. ಬೇರೆಯದು ಬೆಂಗಳೂರಿನಿಂದ ಸೋಮವಾರ ಬೆಳಗ್ಗೆ ಬರಬೇಕು, ಬಂದ ಮೇಲೆ ಮಷೀನಿನಲ್ಲಿ ಬ್ಯಾಲೆನ್ಸ್ ಮಾಡಬೇಕು. ಸೋಮವಾರ ಸಂಜೆ ಎಂದರು. ಅವ್ವನ ಕಾಯಿಲೆ, ರೇಡಿಯೇಷನ್ ವಿಷಯ ಹೇಳಿ, ಸೋಮವಾರ ಸಂಜೆ ಯಾಕೆ ಆಗುವುದಿಲ್ಲ ಎಂದು ನಾನು ಹೇಳಿದೆ. ಹವಾಮಾನ ವರದಿ ಓದಿದ ಹಾಗೆ ಹೇಳಿದೆನೆಂದು ನನಗೇ ಗೊತ್ತಾಯಿತು.

ಮೇಸ್ತ್ರಿ ಕೈ ಒರೆಸಿಕೊಂಡರು. "ನಾಳೆನೇ ಕೊಡ್ತೀನಿ ಅಂತ ಸುಳ್ಳು ಹೇಳ್ಬೋದು ನಾನು. ದಾರೀಲಿ ನಿಂತೋದ್ರೆ ಆ ತಾಯೀನ ಕೂರಿಸ್ಕೊಂಡು ಏನ್ ಮಾಡ್ತೀರ?"

ಮುಂದೆ ಮೂರು ವಾರ ಬಾಕಿಯಿತ್ತು. ಒಂದು ಸೋಮವಾರ ಕಳೆದುಕೊಳ್ಳುವುದು, ಇಲ್ಲವೇ ಯಾವ ದಿನ ಕೈಕೊಡುತ್ತದೋ ಎಂದು ದಿನವೂ ಸದ್ದು ಕೇಳುತ್ತಾ ಹೋಗುವುದು. ಚೀಲ ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಸ್ಸು ಹತ್ತಿದೆ.

ಮನೆಗೆ ಬಂದು ಕಪಾಟಿನ ಮೇಲಿನ ಖಾನೆ ನೋಡಿದೆ. ಅಲ್ಲಿ ನನ್ನ ಡಿಗ್ರಿ ಸರ್ಟಿಫಿಕೇಟಿನ ಪಕ್ಕ ಕಾರಿನ ಜೊತೆ ಬಂದ ಪುಸ್ತಕವಿತ್ತು. ನಮ್ಮ ಮನೆಯಲ್ಲಿ ಅಚ್ಚಾದ ಪುಸ್ತಕ ಯಾವುದೇ ಆಗಲಿ, ಕಾಲಿಗೆ ತಗುಲುವ ಜಾಗದಲ್ಲಿ ಇಡುವ ಹಾಗಿಲ್ಲ. ಕಾರು ತಂದ ದಿನವೇ ಅವ್ವ ಅದನ್ನು ಡ್ಯಾಶ್‌ಬೋರ್ಡಿನಿಂದ ತೆಗೆದು ಮೇಲಿಟ್ಟಿದ್ದಳು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕುಂಕುಮ ಹಚ್ಚುತ್ತಿದ್ದಳು. ಏಳು ವರ್ಷವಾಗಿತ್ತು. ಪ್ಲಾಸ್ಟಿಕ್ ಕವರು ಹರಿದಿರಲಿಲ್ಲ. ನಾನೇ ಹರಿದೆ. ದೂರ ಓಡಿಸಿದ ಮೇಲೆ ನಿಲ್ಲಿಸುವ ಮುನ್ನ ಒಂದು ನಿಮಿಷ ಎಂಜಿನ್ ಓಡಲು ಬಿಡಿ ಎಂದು ಒಂದು ಸಾಲಿನಲ್ಲಿ ಬರೆದಿತ್ತು. ಸಿಕ್ಕಿದ್ದನ್ನೆಲ್ಲ ಓದುವವಳು, ಬೋಂಡ ಕಟ್ಟಿಕೊಟ್ಟ ಕಾಗದವನ್ನೂ ಬಿಡದವಳು, ಇದೊಂದನ್ನು ಓದಿರಲಿಲ್ಲ.

ಆಸ್ಪತ್ರೆ ಮುಂದೆ ಕಾರು ನಿಂತ ತಕ್ಷಣ ಅವ್ವ ದಿನವೂ ಹೇಳುತ್ತಿದ್ದಳು: "ಆಫ್ ಮಾಡು ಮಗ, ಎಣ್ಣೆ ಸುಮ್ಕೆ ಉರೀತೈತೆ." ನಾನು ದಿನವೂ ಆಫ್ ಮಾಡುತ್ತಿದ್ದೆ.

"ಏನಾಗಿತ್ತಂತೆ?" ಎಂದು ಅವ್ವ ಕೇಳಿದಳು.

"ವಯಸ್ಸಾಗಿತ್ತು" ಎಂದೆ. ಹಳೇಬೀಡಿನವನ ಮಾತು ನನ್ನ ಬಾಯಿಂದಲೂ ಬಂತು.

ಸೋಮವಾರ ಬೆಳಗ್ಗೆ ಬಸ್ಸಿನಲ್ಲಾದರೂ ಹೋಗೋಣ ಎಂದೆ. "ಅಷ್ಟು ಜನದ್ ಮುಂದೆ ವಾಂತಿ ಮಾಡ್ಕೊಂಡು ಕೂರ್ಲಾ?" ಎಂದು ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ಆಸ್ಪತ್ರೆಗೆ ಫೋನ್ ಮಾಡಿದೆ. ತಪ್ಪಿದ ದಿನವನ್ನು ಕೊನೆಗೆ ಸೇರಿಸುತ್ತೇವೆ, ಇನ್ನೊಂದು ತಪ್ಪಿಸಬೇಡಿ ಎಂದರು. ಮಧ್ಯಾಹ್ನ ಅರಸೀಕೆರೆಗೆ ಹೋಗಿ, ಸಂಜೆಯ ತನಕ ಕಾದು ಟರ್ಬೊ ತಂದೆ. ಜೊತೆಗೆ ಹೊಸ ಎಣ್ಣೆ ಪೈಪು, ಹಳೆಯದರೊಳಗೂ ಕರಕು ಕಟ್ಟಿರುತ್ತದೆ ಎಂದು ಮೇಸ್ತ್ರಿ ಹೇಳಿ ಕಳಿಸಿದ್ದರು. ಮಂಗಳವಾರ ಬೆಳಗ್ಗೆ ಬೇಲೂರಿನ ಮೆಕ್ಯಾನಿಕ್ ಕೂರಿಸಿಕೊಟ್ಟ.

ಹಗರೆಯ ತನಕ ಅವ್ವ ಕಣ್ಣು ಮುಚ್ಚಿಕೊಂಡು ಸದ್ದು ಕೇಳುತ್ತಿದ್ದಳು. "ಈಗ ಸರ್ಯಾಗೈತೆ" ಎಂದಳು.

ಆಸ್ಪತ್ರೆ ಮುಂದೆ ಕಾರು ನಿಲ್ಲಿಸಿದೆ. ಕೀ ಮುಟ್ಟಲಿಲ್ಲ.

"ಆಫ್ ಮಾಡು ಮಗ, ಎಣ್ಣೆ..."

"ಒಂದು ನಿಮಿಷ ಅವ್ವ. ಮೇಸ್ತ್ರಿ ಹೇಳವ್ರೆ."

ಅವ್ವ ನನ್ನ ಮುಖ ನೋಡಿದಳು. ಪಂಪು ಕಾದವಳು ಅವಳು, ಎಂಜಿನ್ನಿನ ವಿಷಯ ಬಿಡಿಸಿ ಹೇಳಬೇಕಿರಲಿಲ್ಲ.

"ನಾನು ಆಫ್ ಮಾಡು ಆಫ್ ಮಾಡು ಅಂದಿದ್ಕೇ ಕೆಟ್ಟಿದ್ದಾ?"

"ಇಲ್ಲವ್ವ. ಹಳೇದಾಗಿತ್ತು."

"ಸುಳ್ಳು ಹೇಳದು ಕಲೀಲಿ ಅಂತ ಓದ್ಸಿದ್ನೇನೇ ನಿನ್ನ?"

ನನಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು. ಅವ್ವ ನಗಲಿಲ್ಲ. ಸೆರಗು ಸರಿಮಾಡಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕಾರಿನ ಗಡಿಯಾರದ ಕಡೆ ನೋಡುತ್ತಾ ಕೂತಳು. ಅಂಕಿ ಬದಲಾಯಿತು.

"ಹ್ಞೂಂ, ಈಗ ಆಫ್ ಮಾಡು" ಎಂದಳು.

ಉಳಿದ ಮೂರು ವಾರವೂ, ಕೊನೆಗೆ ಸೇರಿಸಿದ ಆ ಒಂದು ದಿನವೂ, ಅವಳು ಹೇಳುವ ತನಕ ನಾನು ಕೀ ಮುಟ್ಟಲಿಲ್ಲ.