ಹರಕೆಯ ಮನೆಯ ಚೇಳು

ಇವತ್ತು ಬೆಳಿಗ್ಗೆ ಎದುರು ಮನೆಯವರು ಹೊಸಿಲಿಗೆ ಫಿನಾಯಿಲ್ ಸುರಿದರು. ಆ ವಾಸನೆಗೆ ನಿಮಗೆ ಆಸ್ಪತ್ರೆ ನೆನಪಾಗಬಹುದು. ನನಗೆ ಚೇಳು ನೆನಪಾಗುತ್ತದೆ, ಅದರ ಹಿಂದೆಯೇ ಸಿಟ್ಟು ಬರುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಕೆ.ಆರ್. ಪುರದ ಆಚೆ, ಹಳೆಯ ಕಲ್ಲುಕ್ವಾರಿಯ ಪಕ್ಕದ ಬಾಡಿಗೆ ಕೋಣೆಯಲ್ಲಿದ್ದೆವು. ಮರವಿಲ್ಲ, ನೆರಳಿಲ್ಲ, ಬರೀ ಬಂಡೆ, ಬಿಸಿಲು. ಶಿವಾಜಿನಗರದಲ್ಲಿ ಹಳೆಯ ಬಂಗಲೆಗಳ ಬಾಗಿಲು, ಕಿಟಕಿ ಕೊಂಡು ಮಾರುವುದು ನನ್ನ ಕಸುಬು. ಗಂಡಸರ ಗುಂಪಿನ ನಡುವೆ ನಿಂತು ಚೌಕಾಸಿ ಕಲಿತವಳು ನಾನು. ಚೇಳಿನ ಜತೆ ಮಾತ್ರ ಅದು ನಡೆಯಲಿಲ್ಲ.

ಕೇಳಿ, ನಿಮಗೂ ಉಪಯೋಗಕ್ಕೆ ಬಂದೀತು. ಬಾಗಿಲಡಿಯ ಸಂದಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಮೊಳೆ ಹೊಡೆಯಬೇಕು. ಬಚ್ಚಲ ತೂಬಿಗೆ ಜಾಲರಿ ಹಾಕಬೇಕು. ಚಪ್ಪಲಿ ಕೊಡವದೆ ಕಾಲಿಡಬಾರದು. ಫಿನಾಯಿಲ್ ಏನಿದ್ದರೂ ಮನಸ್ಸಿನ ಸಮಾಧಾನಕ್ಕೆ. ಇಷ್ಟಾದರೂ ಬಂದರೆ, ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ನಮ್ಮಲ್ಲಿಗೆ ಬರುತ್ತಿದ್ದದ್ದು ಮನೆ ಮಾಲೀಕ ಮುನಿಯಪ್ಪನವರ ಕಲ್ಲುಚಪ್ಪಡಿಗಳಿಂದ. ಮುಂದೆಂದೋ ಇನ್ನೆರಡು ಕೋಣೆ ಕಟ್ಟುವ ಆಸೆಗೆ ತಂದು, ತಮ್ಮ ಗೋಡೆ ಬಿಟ್ಟು ನಮ್ಮ ಗೋಡೆಗೆ ಒರಗಿಸಿದ್ದರು.

ಮಗಳು ಆಗಷ್ಟೇ ಅಂಬೆಗಾಲಿಡುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಗಿಲಕಿಯ ಪಕ್ಕದಲ್ಲೇ ಚೇಳು, ಕೊಂಡಿ ಎತ್ತಿಕೊಂಡು! ಚಪ್ಪಲಿಯಲ್ಲಿ ಬಡಿದು ಕೊಂದು, ಮೊರದಲ್ಲಿ ಹಾಕಿಕೊಂಡು ಮುನಿಯಪ್ಪನವರ ಜಗಲಿಗೆ ಹೋದೆ.

“ಅಯ್ಯಯ್ಯೋ, ಸಾಯಿಸ್ಬಿಟ್ಟೇನಮ್ಮಾ? ನಾವು ಕೋಲಾರದ ಚೇಳಮ್ಮನ ಒಕ್ಲು. ವರ್ಷ ವರ್ಷ ಹುಂಡಿಗೆ ಕಾಣಿಕೆ ಹಾಕ್ತೀವಿ. ನಮ್ಮನೇಲಿ ಚೇಳು ಯಾರ್ನೂ ಕುಟುಕಲ್ಲ.”

“ಹಂಗಾದ್ರೆ ನನ್ನ ಮಗೂನೂ ಕುಟುಕಲ್ಲ ಅನ್ನಿ, ಯಜಮಾನ್ರೇ.”

“ಅದೆಂಗಮ್ಮಾ? ಹರಕೆ ನಮ್ಮನೇದು. ನೀವು ಬಾಡ್ಗೆಯೋರು. ನಿಮ್ಮ ಕಾಣಿಕೆ ನೀವು ಹಾಕ್ಕೋಬೇಕು.”

“ಕಲ್ಲು ಯಾರ್ದು?”

“ನಮ್ದೇ.”

“ಕಲ್ಲಿನ ಕೆಳಗಿರೋ ಚೇಳು?”

“ಅದು ಅಮ್ಮಂದು.”

ಕಲ್ಲು ಸರಿಸಿ ಅಂದರೆ, ಮನೆಗೆ ಅಂತ ತಂದ ಕಲ್ಲನ್ನು ಪಾಯದ ಪೂಜೆಗೆ ಮುಂಚೆ ಕದಲಿಸಬಾರದಂತೆ. ಮಗುವನ್ನೇ ಎತ್ತಿ ಮುಂದೆ ಹಿಡಿದೆ. ಅದರ ಕೆನ್ನೆ ಚಿವುಟಿ, “ಮುದ್ದಾಗವ್ಳೆ” ಅಂದರು. ದೇವಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ಕೃಪೆಗೂ ನಮಗೂ ನಡುವೆ ಕಾಂಪೌಂಡ್ ಕಟ್ಟಿದ ಮನುಷ್ಯನ ಮೇಲೆ ಸಿಟ್ಟು.

ಮರುದಿನ ಹಲಸೂರಿನ ಕಲ್ಲು ವ್ಯಾಪಾರಿ ಸೆಲ್ವಂನನ್ನು ಕರೆತಂದೆ. ಅವನು ಚಪ್ಪಡಿ ತಟ್ಟಿ ನೋಡಿ ಒಂದು ದರ ಹೇಳಿದ. ಮುನಿಯಪ್ಪನವರ ಕಣ್ಣರಳಿತು.

“ಇನ್ನೊಂಚೂರು ಮೇಲೆ ಬಾ ಗುರೂ.”

“ಅಕ್ಕಾ, ನೀವೇ ಹೇಳಿ, ಇದು ನ್ಯಾಯಾನಾ?” ಅಂದ ಸೆಲ್ವಂ.

ಎಲ್ಲಿ ವ್ಯಾಪಾರ ಮುರಿಯುತ್ತದೋ ಎಂದು ನಾನೇ ಅವನಿಗೆ ದುಂಬಾಲು ಬಿದ್ದು ದರ ಏರಿಸಿದೆ. ಸಂಜೆಯೊಳಗೆ ಕಲ್ಲು ಲಾರಿ ಹತ್ತಿತು. ಪೂಜೆ ಯಾರಿಗೂ ನೆನಪಾಗಲಿಲ್ಲ. ಕೊನೆಯ ಚಪ್ಪಡಿ ಎತ್ತಿದಾಗ ಚೇಳುಗಳು ದಿಕ್ಕಾಪಾಲಾಗಿ ಓಡಿದವು. ಚೇಳಮ್ಮನ ಒಕ್ಕಲು ಪಂಚೆ ಎತ್ತಿಕೊಂಡು ಜಗಲಿಗೆ ಹಾರಿ, “ಹೊಡೀರೋ, ಹೊಡೀರೋ!” ಎಂದು ಕೂಗಿತು.

ಈ ಕಥೆಯನ್ನು ವರ್ಷಗಟ್ಟಲೆ ಗೆದ್ದವಳ ಹಾಗೆ ಹೇಳಿಕೊಂಡು ತಿರುಗಿದ್ದೇನೆ. ಅಂಗಡಿಗೆ ಬರುವ ಬಾಡಿಗೆಯವರಿಗೆಲ್ಲ, ಮಾಲೀಕನ ಹತ್ತಿರ ಗೋಗರೆಯಬೇಡಿ, ಅವನಿಗೊಬ್ಬ ಗಿರಾಕಿ ಹುಡುಕಿಕೊಡಿ ಎಂದು ಬುದ್ಧಿ ಹೇಳಿದ್ದೇನೆ. ಇವತ್ತು ಕಾಫಿ ಕುಡಿಯುತ್ತಾ ಮಗಳಿಗೂ ಇನ್ನೊಮ್ಮೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು.

“ಸೂಪರ್ ವ್ಯಾಪಾರ ಕಣಮ್ಮಾ!”

ಯಾಕೋ ನನಗೆ ನಗು ಬರಲಿಲ್ಲ. ಲೋಟ ಕೆಳಗಿಟ್ಟೆ.

“ನೀನು ನೆಲದ ಮೇಲೆ ಆಡೋದಕ್ಕೂ ಅದ್ಯಾಕೆ ವ್ಯಾಪಾರ ಮಾಡ್ಬೇಕಿತ್ತು ಕಣೇ?” ಅಂದೆ.